ಜೋಳ ಕೊಟ್ಟವರು ಸೌದೆ ಮರೆತರು

ಯುದ್ಧಪೀಡಿತ ನಾಡಿಗೆ ನೆರವು ಎಂದರೆ ಧಾನ್ಯದ ಚೀಲ, ಔಷಧದ ಪೆಟ್ಟಿಗೆ, ತಲೆಯ ಮೇಲೊಂದು ಟಾರ್ಪಾಲು ಎಂಬುದು ರೂಢಿಯ ತಿಳಿವಳಿಕೆ. ಆ ಧಾನ್ಯವನ್ನು ಬೇಯಿಸುವ ಸೌದೆ ಎಲ್ಲಿಂದ ಬರಬೇಕು, ಅದನ್ನು ತರಲು ಯಾರು ಎಷ್ಟು ದೂರ ನಡೆಯಬೇಕು ಎಂದು ಕೇಳುವವರು ವಿರಳ. ಮಲೆನಾಡಿನ ಯಾವ ಗೃಹಿಣಿಯಾದರೂ ಮೊದಲು ಕೇಳಬಹುದಾದ ಈ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಸಂಸ್ಥೆಗಳು ತಡವಾಗಿ ಕೇಳಿದವು. ಅದರ ಬೆಲೆಯನ್ನು ತೆತ್ತವರು ಸುಡಾನ್ ದೇಶದ ಪಶ್ಚಿಮ ಭಾಗವಾದ ಡಾರ್ಫರ್‌ನ ಹೆಂಗಸರು.

ಡಾರ್ಫರ್ ವಿಸ್ತಾರದಲ್ಲಿ ಕರ್ನಾಟಕದ ಎರಡೂವರೆ ಪಟ್ಟಿನಷ್ಟಿದೆ. ಉತ್ತರಕ್ಕೆ ಸಹಾರಾ ಮರುಭೂಮಿಯ ಅಂಚು. ನಡುವೆ ಮೂರು ಸಾವಿರ ಮೀಟರ್ ಎತ್ತರಕ್ಕೇರುವ ಜೆಬೆಲ್ ಮರ್ರಾ ಎಂಬ ಜ್ವಾಲಾಮುಖಿ ಪರ್ವತಶ್ರೇಣಿ. ಅದರ ಇಳಿಜಾರುಗಳಲ್ಲಿ ಫುರ್ ಜನರು ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಹೊಲಗಳನ್ನು ಮಾಡಿಕೊಂಡಿದ್ದರು. ಬಯಲಿನಲ್ಲಿ ಸಜ್ಜೆ ಮತ್ತು ಜೋಳ; ಬೀಳುಬಿಟ್ಟ ನೆಲದಲ್ಲಿ ಗೋಂದು ಕೊಡುವ ಜಾಲಿ ಜಾತಿಯ ಮರ. ಆ ಮರ ಮಣ್ಣಿಗೆ ಸಾರಜನಕವನ್ನೂ ಮನೆಗೆ ಹಣವನ್ನೂ ತರುತ್ತಿತ್ತು. ಮಳೆಗಾಲ ಮುಗಿದೊಡನೆ ಉತ್ತರದ ಒಂಟೆ ಸಾಕುವ ಅರಬ್ ಬುಡಕಟ್ಟುಗಳು ಗೊತ್ತುಪಡಿಸಿದ ದಾರಿಗಳಲ್ಲಿ ದಕ್ಷಿಣಕ್ಕೆ ಇಳಿಯುತ್ತಿದ್ದವು. ಕೊಯ್ಲಾದ ಹೊಲದ ಕೂಳೆ ಒಂಟೆಗೆ ಮೇವು. ಒಂಟೆಯ ಸಗಣಿ ಹೊಲಕ್ಕೆ ಗೊಬ್ಬರ. ನಮ್ಮ ಬಯಲುಸೀಮೆಯ ರೈತರು ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಪದ್ಧತಿಯನ್ನು ಬಲ್ಲವರಿಗೆ ಈ ಒಪ್ಪಂದ ಅಪರಿಚಿತವಲ್ಲ. ಜಗಳಗಳು ಆಗುತ್ತಿದ್ದವು, ಹಿರಿಯರು ಕುಳಿತು ಪರಿಹಾರಧನ ನಿಗದಿಮಾಡಿ ಬಗೆಹರಿಸುತ್ತಿದ್ದರು.

ಈ ವ್ಯವಸ್ಥೆ ತಾನಾಗಿ ಕುಸಿಯಲಿಲ್ಲ. 1970ರಲ್ಲಿ ಸುಡಾನ್ ಸರಕಾರ ನೋಂದಣಿಯಾಗದ ಭೂಮಿಯೆಲ್ಲ ಸರಕಾರದ್ದೆಂದು ಕಾನೂನು ಮಾಡಿತು. ಮರುವರ್ಷ ಬುಡಕಟ್ಟು ಮುಖಂಡರ ಸ್ಥಳೀಯ ಆಡಳಿತವನ್ನು ರದ್ದುಮಾಡಿತು. ಸುಲ್ತಾನರ ಕಾಲದಿಂದ ನಡೆದುಬಂದ ಭೂ ಹಕ್ಕಿಗೆ ಕಾಗದದ ಬಲವಿಲ್ಲದಾಯಿತು. ಜಗಳ ತೀರಿಸುವ ಕಟ್ಟೆಗೆ ಅಧಿಕಾರವಿಲ್ಲದಾಯಿತು. 1984–85ರ ಭೀಕರ ಬರ ಬಂದೆರಗಿದ್ದು ಇಂಥ ನಾಡಿನ ಮೇಲೆ. ನೆರೆಯ ಚಾಡ್‌ನ ಯುದ್ಧದಿಂದ ಬಂದೂಕುಗಳೂ ಹರಿದುಬಂದವು. 2003ರಲ್ಲಿ ಡಾರ್ಫರ್‌ನ ಬಂಡುಕೋರರು ಸರಕಾರದ ವಿರುದ್ಧ ಎದ್ದಾಗ, ನೆಲದ ಹಕ್ಕಿಲ್ಲದೆ ಕಂಗೆಟ್ಟಿದ್ದ ಅಲೆಮಾರಿಗಳಲ್ಲಿ ಕೆಲವರಿಗೆ ಸರಕಾರವೇ ಶಸ್ತ್ರ ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು. 20 ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಸತ್ತವರು 3 ಲಕ್ಷದವರೆಗೆ ಇರಬಹುದೆಂದು ವಿಶ್ವಸಂಸ್ಥೆ 2008ರಲ್ಲಿ ಅಂದಾಜಿಸಿತು.

2007ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್, ಈ ಸಂಘರ್ಷದ ಬೇರು ಭಾಗಶಃ ಹವಾಮಾನ ಬದಲಾವಣೆಯಲ್ಲಿದೆ ಎಂದು ಬರೆದರು. ಪರಿಸರವಾದಿಗಳಿಗೆ ಈ ಮಾತು ಹಿಡಿಸುವಂಥದ್ದು; ಆದರೆ ಎಚ್ಚರಿಕೆಯಿಂದ ಬಳಸಬೇಕಾದದ್ದು. ಮಳೆ ಕಡಿಮೆಯಾದದ್ದು ನಿಜ. ಆದರೆ ಮಳೆ ಯಾರ ಕೈಗೂ ಬಂದೂಕು ಕೊಡುವುದಿಲ್ಲ. ಕೊರತೆಯನ್ನು ಹಂಚಿಕೊಳ್ಳುವ ಏರ್ಪಾಡನ್ನು ಮುರಿದವರಿಗೆ ಹೆಸರಿದೆ, ಆಜ್ಞೆಗೆ ದಿನಾಂಕವಿದೆ. ಬರವನ್ನೇ ಅಪರಾಧಿಯೆಂದು ಸಾರಿದರೆ ಅವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ.

ಇನ್ನು ನೆರವಿನ ಕಥೆ. ಶಿಬಿರಗಳಿಗೆ ಹಂಚಲಾದ ಪಡಿತರದಲ್ಲಿ ಮುಖ್ಯವಾದದ್ದು ಇಡೀ ಜೋಳ. ಅದನ್ನು ಬೀಸಿಸಬೇಕು, ಬೇಯಿಸಬೇಕು. ಗಿರಣಿಯ ಕೂಲಿಗಾಗಿ ಪಡಿತರದ ಒಂದು ಭಾಗವನ್ನೇ ಮಾರಬೇಕಾಯಿತು. ಸೌದೆಯನ್ನು ಯಾರೂ ಕೊಡಲಿಲ್ಲ. ಮೂರು ಕಲ್ಲಿನ ಒಲೆಗೆ ಶಿಬಿರದ ಸುತ್ತಲಿನ ಮರಗಳು ಮೊದಲು ಹೋದವು, ಬಳಿಕ ಪೊದೆಗಳು, ಕೊನೆಗೆ ಅಗೆದು ತೆಗೆದ ಬೇರುಗಳು. ಹೆಂಗಸರ ನಡಿಗೆ ಗಂಟೆಗಳಷ್ಟು ಉದ್ದವಾಯಿತು. ಆ ದಾರಿಯಲ್ಲಿಯೇ ಶಸ್ತ್ರಧಾರಿಗಳು ಕಾಯುತ್ತಿದ್ದರು. ಗಂಡಸರು ಹೋದರೆ ಕೊಲೆ, ಹೆಂಗಸರು ಹೋದರೆ ಅತ್ಯಾಚಾರ ಎಂಬ ಲೆಕ್ಕ ಹಾಕಿ ಕುಟುಂಬಗಳು ಹೆಂಗಸರನ್ನೇ ಕಳುಹಿಸಿದವು. ಆಫ್ರಿಕಾ ಒಕ್ಕೂಟದ ಸೈನಿಕರು ಸೌದೆಯವರ ಜೊತೆ ಗಸ್ತು ಹೋಗಬೇಕಾಯಿತು. ಇತ್ತ ನೆರವಿನ ಹಣದಿಂದ ಬೆಳೆದ ಪಟ್ಟಣಗಳಲ್ಲಿ ಕಟ್ಟಡಗಳು ಎದ್ದವು. ಅವುಗಳ ಇಟ್ಟಿಗೆ ಸುಡಲು ಇನ್ನಷ್ಟು ಮರ ಉರಿಯಿತು.

ಭಾರತದಲ್ಲಿ ಜನಿಸಿದ ವಿಜ್ಞಾನಿ ಅಶೋಕ್ ಗಾಡ್ಗೀಳ್ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಡಾರ್ಫರ್‌ನ ಪಾತ್ರೆ, ಗಾಳಿ, ಅಡುಗೆಗೆ ಹೊಂದುವ ಲೋಹದ ಒಲೆಯನ್ನು ರೂಪಿಸಿದರು. ಸೌದೆಯನ್ನು ಸುಮಾರು ಅರ್ಧಕ್ಕೆ ಇಳಿಸುವ ಈ ಒಲೆ ನಿಜವಾದ ಉಪಕಾರ. ನಮ್ಮಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಇದನ್ನು ತೋರಿಸಿಕೊಟ್ಟಿದೆ. ಆದರೆ ಶಿಬಿರದ ಅನೇಕ ಹೆಂಗಸರಿಗೆ ಸೌದೆ ಮಾರಾಟವೇ ಕೈಗೆಟಕುವ ಏಕೈಕ ಸಂಪಾದನೆಯಾಗಿತ್ತು. ಒಲೆ ಸೌದೆಯನ್ನು ಉಳಿಸಬಲ್ಲದು; ಕಸಿದುಕೊಂಡ ಹೊಲವನ್ನು ಮರಳಿಸಲಾರದು.

ಈ ಮರೆವು ಡಾರ್ಫರ್‌ನಲ್ಲಿ ಮೊದಲನೆಯದಾಗಿರಲಿಲ್ಲ. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಗಡಿ ದಾಟಿ ಗೋಮಾ ಪಟ್ಟಣಕ್ಕೆ ಬಂದಾಗ, ಶಿಬಿರಗಳು ಎದ್ದದ್ದು ವಿರುಂಗಾ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ. ಗೊರಿಲ್ಲಾಗಳ ನೆಲೆಯಾದ ಆ ಕಾಡು ಅದೇ ವರ್ಷ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಾಠ ಕಲಿಯಲು ಸಾಧ್ಯವೆಂಬುದಕ್ಕೂ ಉದಾಹರಣೆಯಿದೆ. 2017ರ ಆಗಸ್ಟ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದು, ಗುಡ್ಡಗಳು ಬೋಳಾದವು. ಮರುವರ್ಷದಿಂದ ಶಿಬಿರಗಳಿಗೂ ಸುತ್ತಲ ಹಳ್ಳಿಗಳಿಗೂ ಅಡುಗೆ ಅನಿಲ ಹಂಚಿ, ಗುಡ್ಡಗಳಲ್ಲಿ ಗಿಡ ನೆಟ್ಟರು. ಸೌದೆಯ ಬಳಕೆ ಬಹುಮಟ್ಟಿಗೆ ಇಳಿಯಿತು, ಹಸಿರು ಮರಳತೊಡಗಿತು.

ಡಾರ್ಫರ್‌ಗೆ ಆ ಭಾಗ್ಯವೂ ಸಿಗಲಿಲ್ಲ. ನೆಲದ ಪ್ರಶ್ನೆ ಬಗೆಹರಿಯದೆ ಉಳಿದಿತ್ತು. 2003ರ ಸಶಸ್ತ್ರ ಗುಂಪುಗಳು ಮುಂದೆ ಅರೆಸೇನಾಪಡೆಯಾಗಿ ಬೆಳೆದವು. 2023ರ ಏಪ್ರಿಲ್‌ನಲ್ಲಿ ಆ ಪಡೆಗೂ ಸೇನೆಗೂ ಯುದ್ಧ ಹತ್ತಿತು. 2024ರ ಆಗಸ್ಟ್‌ನಲ್ಲಿ ಝಮ್‌ಝಮ್ ಶಿಬಿರದಲ್ಲಿ ಕ್ಷಾಮವಿದೆಯೆಂದು ಘೋಷಿಸಲಾಯಿತು. 2025ರ ಏಪ್ರಿಲ್‌ನಲ್ಲಿ ಅದೇ ಶಿಬಿರದ ಮೇಲೆ ದಾಳಿ ನಡೆಯಿತು. ಲಾರಿಗಳು ತಲುಪದ ಕಡೆಗಳಲ್ಲಿ ಸುಡಾನಿನ ಯುವಕ ಯುವತಿಯರೇ ಬೀದಿ ಬೀದಿಯಲ್ಲಿ ಸಾಮೂಹಿಕ ಅಡುಗೆಮನೆ ನಡೆಸಿದರು. ಅಮೆರಿಕ 2025ರಲ್ಲಿ ನೆರವನ್ನು ಕಡಿತಗೊಳಿಸಿದಾಗ ಅವುಗಳಲ್ಲಿ ಅನೇಕವು ಮುಚ್ಚಿಹೋದವು.

ಹಸಿದವರಿಗೆ ಅನ್ನ ಮೊದಲು, ಅದರಲ್ಲಿ ವಾದವಿಲ್ಲ. ಆದರೆ ಅನ್ನದ ಜೊತೆಗೇ ನೀರು, ಸೌದೆ, ಮೇವುಗಳ ಲೆಕ್ಕವೂ ಆಗಬೇಕು. ಸುತ್ತಲ ಹಳ್ಳಿಗಳ ಪಾಲು ಆ ಲೆಕ್ಕದಲ್ಲಿರಬೇಕು. ಒಲೆ ಹೊತ್ತಿಸುವ ಹೆಂಗಸರನ್ನು ಕೇಳಿ ಲೆಕ್ಕ ಹಾಕಬೇಕು. ಕದನವಿರಾಮದ ಕಾಗದದಲ್ಲಿ ಹೊಲ ಯಾರದು, ಮಂದೆಯ ದಾರಿ ಎಲ್ಲಿ ಎಂಬುದು ಬರೆಯಲ್ಪಡಬೇಕು. ದೂರದ ಯುದ್ಧದ ಸುದ್ದಿ ಓದುವ ವಿದ್ಯಾರ್ಥಿಗಳು ಬಂದೂಕು ಹಿಡಿದವರ ಹೆಸರಿನ ಜೊತೆಗೆ ಅಲ್ಲಿನ ನೆಲ, ನೀರು, ಕಾಡು ಯಾರ ಕೈಯಲ್ಲಿತ್ತು, ಯಾವ ಆಜ್ಞೆಯಿಂದ ಯಾರ ಕೈಗೆ ಹೋಯಿತು ಎಂದು ಹುಡುಕಿ ನೋಡಲಿ. ಹಂಚಿ ಬಾಳುವ ಕಟ್ಟಳೆಯನ್ನು ಹಳ್ಳಿಯಿಂದ ಕಸಿಯುವುದು ಒಂದು ಸಹಿಯ ಕೆಲಸ. ಮತ್ತೆ ಕಟ್ಟುವುದಕ್ಕೆ ತಲೆಮಾರುಗಳು ಸಾಲುವುದಿಲ್ಲ.