ಪಂಚಾಯ್ತಿಗೆ ಮೊದಲು ಆಸ್ಪತ್ರೆ

ಮಗುವಿಗೆ ರಾತ್ರಿ ಜ್ವರ ಏರಿದರೆ ನಾವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಸೊಸೆಗೆ ಹೆರಿಗೆ ನೋವು ಬಂದರೆ 108ಕ್ಕೆ ಫೋನು ಮಾಡುತ್ತೇವೆ. ಹೊಲದಲ್ಲಿ ಹಾವು ಕಚ್ಚಿದರೆ ಚಳ್ಳಕೆರೆಗೋ ಮೊಳಕಾಲ್ಮೂರಿಗೋ, ಸಿಕ್ಕ ಗಾಡಿ ಹತ್ತುತ್ತೇವೆ. ಆದರೆ ಮನೆಯ ಹೆಣ್ಣುಮಗಳ ಮೇಲೆ ಯಾರಾದರೂ ಬಲಾತ್ಕಾರ ಮಾಡಿದರೆ, ಇಲ್ಲವೇ ಗಂಡನೇ ಅವಳನ್ನು ನೆಲಕ್ಕೆ ಕೆಡವಿ ಹೊಡೆದರೆ, ಆಗ ಮಾತ್ರ ನಮ್ಮ ಕಾಲು ಏಳುವುದಿಲ್ಲ. ಮೊದಲ ದಿನ ಬಾಗಿಲು ಹಾಕಿಕೊಂಡು ಅಳುತ್ತೇವೆ. ಎರಡನೆಯ ದಿನ ಬೇರೆ ಊರಿನಿಂದ ಮಾಮೂನನ್ನು ಕರೆಸುತ್ತೇವೆ. ಮೂರನೆಯ ದಿನ ಜುಮಾ ನಮಾಝ್ ಮುಗಿಸಿ ನಾಲ್ಕು ಜನ ಹಿರಿಯರು ಕುಳಿತು, ಇದು ಇಜ್ಜತಿನ ಪ್ರಶ್ನೆ ಎಂದು ಮಾತು ಶುರು ಮಾಡುತ್ತಾರೆ. ಅಷ್ಟು ಹೊತ್ತಿಗೆ 72 ಗಂಟೆಗಳು ಕಳೆದುಹೋಗಿರುತ್ತವೆ.

ಈ 72 ಗಂಟೆಗಳ ಬೆಲೆ ಏನೆಂದು ನಮ್ಮ ಬಹಳಷ್ಟು ತಾಯಂದಿರಿಗೆ ತಿಳಿದಿಲ್ಲ. ಪಂಚಾಯ್ತಿ ಮಾಡುವ ಹಿರಿಯರಿಗಂತೂ ತಿಳಿದೇ ಇಲ್ಲ. ಬಲಾತ್ಕಾರಕ್ಕೊಳಗಾದವಳಿಗೆ ಎಚ್.ಐ.ವಿ. ಸೋಂಕು ತಗಲದಂತೆ ತಡೆಯುವ ಮಾತ್ರೆಗಳಿವೆ. ಅವನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯನ್ನು ಐದು ದಿನಗಳವರೆಗೆ ಕೊಡಬಹುದಾದರೂ ತಡವಾದಷ್ಟೂ ಅದರ ಫಲ ಕಡಿಮೆ. (ಅದು ಮುಖ್ಯವಾಗಿ ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಆಗಲೇ ನಿಂತಿರುವ ಗರ್ಭವನ್ನು ತೆಗೆಯುವುದಿಲ್ಲ. ಗರ್ಭಪಾತದ ಪಾಪ ಬರುತ್ತದೆಂದು ಹೆದರಿ ಈ ಮಾತ್ರೆಯನ್ನೂ ಬೇಡವೆನ್ನುವವರು ಇದನ್ನು ತಿಳಿಯಬೇಕು.) ಧನುರ್ವಾಯುವಿನ ಚುಚ್ಚುಮದ್ದು, ಹೆಪಟೈಟಿಸ್ ಬಿ ಲಸಿಕೆ, ಗಾಯಕ್ಕೆ ಔಷಧ, ಮನಸ್ಸಿಗೆ ಸಾಂತ್ವನ, ಇವೆಲ್ಲ ಆಸ್ಪತ್ರೆಯಲ್ಲಿ ಸಿಗಬೇಕಾದವು. ದೇಹದ ಮೇಲಿನ ಸಾಕ್ಷ್ಯವೂ ಹಾಗೆಯೇ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯು 96 ಗಂಟೆಗಳವರೆಗೆ ಸಾಕ್ಷ್ಯ ಸಂಗ್ರಹಿಸಬಹುದೆಂದು ಹೇಳುತ್ತದೆ. ನಾಲ್ಕು ದಿನ ಮುಗಿದ ಮೇಲೆ ಯಾವ ಹಿರಿಯರ ತೀರ್ಮಾನವೂ ಆ ಸಾಕ್ಷ್ಯವನ್ನು ಮರಳಿ ತರಲಾರದು.

ಇಲ್ಲಿ ನಮ್ಮ ಮನೆಗಳದೇ ಒಂದು ತೊಡಕಿದೆ. ಇಂಥ ಘಟನೆಯಾದ ಕೂಡಲೇ ತಾಯಿ ಮಗಳನ್ನು ಬಚ್ಚಲಿಗೆ ಕಳಿಸುತ್ತಾಳೆ. ಗುಸ್ಲ್ ಮಾಡು, ಬಟ್ಟೆ ನೆನೆಸು ಎನ್ನುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ, ಆದರೆ ಆ ನೀರಿನೊಂದಿಗೆ ಸಾಕ್ಷ್ಯವೂ ಹರಿದುಹೋಗುತ್ತದೆ. ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ಗುಸ್ಲ್ ಆಸ್ಪತ್ರೆಯಿಂದ ಬಂದ ಮೇಲೆ ಆಗಲಿ. ನಡುವೆ ನಮಾಝಿನ ವೇಳೆ ಮೀರುವುದೆಂಬ ಚಿಂತೆಯಿದ್ದರೆ ತಯಮ್ಮುಮ್, ಕಝಾ ಮುಂತಾದವುಗಳ ಬಗ್ಗೆ ಆಲಿಮರನ್ನು ಕೇಳಬಹುದು. ನಮ್ಮ ದೀನ್ ಸಂಕಟದಲ್ಲಿರುವವರಿಗೆ ದಾರಿ ಮುಚ್ಚಿಲ್ಲ. ಈಗಾಗಲೇ ಸ್ನಾನ ಮಾಡಿದ್ದರೂ, ವಾರ ಕಳೆದಿದ್ದರೂ ಹೋಗಲೇಬೇಕು. ಚಿಕಿತ್ಸೆಗೆ ಗಡುವಿಲ್ಲ.

ಪೊಲೀಸ್ ಕೇಸು ಮಾಡದೆ ಡಾಕ್ಟರು ಮುಟ್ಟುವುದಿಲ್ಲ ಎಂಬ ಮಾತು ನಮ್ಮ ಕಡೆ ಬಲವಾಗಿ ಬೇರೂರಿದೆ. ಅದಕ್ಕೆ ಕಾರಣವೂ ಇತ್ತು. ನಮ್ಮ ಕರ್ನಾಟಕದಿಂದಲೇ ಹೋದ ಮಂಜಣ್ಣ ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಪೊಲೀಸರು ಕಳಿಸಿದರೆ ಮಾತ್ರ ಪರೀಕ್ಷಿಸುತ್ತೇವೆ ಎನ್ನುವ ಸರಕಾರಿ ವೈದ್ಯರನ್ನು, ಅದರಲ್ಲೂ ಆಸ್ಪತ್ರೆಗಳೇ ವಿರಳವಾದ ಹಳ್ಳಿಗಾಡಿನವರನ್ನು, ಸ್ಪಷ್ಟವಾಗಿ ಆಕ್ಷೇಪಿಸಿತು. ಕೊಂಡ್ಲಹಳ್ಳಿಯಂಥ ಊರಿನವರಿಗೆ ಈ ಮಾತಿನ ತೂಕ ಗೊತ್ತು. ಇಲ್ಲಿಂದ ಜಿಲ್ಲಾಸ್ಪತ್ರೆಗೆ ಚಳ್ಳಕೆರೆ ದಾಟಿ ಚಿತ್ರದುರ್ಗದವರೆಗೆ ಹೋಗಬೇಕು. ಅಷ್ಟು ದೂರ ಹೋದವಳನ್ನು ಠಾಣೆಯ ಚೀಟಿ ತಾ ಎಂದು ವಾಪಸು ಕಳಿಸಿದರೆ ಅವಳು ಮತ್ತೆ ಬರುತ್ತಾಳೆಯೇ? 2013ರಲ್ಲಿ ಕಾನೂನೇ ಬದಲಾಯಿತು. ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನ ಪ್ರಕಾರ ಸರಕಾರಿ ಇರಲಿ, ಖಾಸಗಿ ಇರಲಿ, ಪ್ರತಿಯೊಂದು ಆಸ್ಪತ್ರೆಯೂ ಬಲಾತ್ಕಾರಕ್ಕೊಳಗಾದವರಿಗೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಆಸ್ಪತ್ರೆಯವರು ಪೊಲೀಸರಿಗೆ ವಿಷಯ ತಿಳಿಸುತ್ತಾರೆ, ನಿಜ. ಆದರೆ ದೂರು ಕೊಡಲು, ಪರೀಕ್ಷೆ ಮಾಡಿಸಿಕೊಳ್ಳಲು ವಯಸ್ಕ ಹೆಣ್ಣು ಒಪ್ಪದಿದ್ದರೆ ಅದನ್ನು ಬರೆದುಕೊಂಡು ಚಿಕಿತ್ಸೆಯನ್ನು ಮುಂದುವರಿಸಬೇಕೆಂದು 2014ರ ಮಾರ್ಗಸೂಚಿ ಹೇಳುತ್ತದೆ. 18 ತುಂಬದ ಮಕ್ಕಳ ವಿಷಯ ಬೇರೆ. ಅಲ್ಲಿ ಪೋಕ್ಸೋ ಕಾಯ್ದೆಯಂತೆ ತಿಳಿದವರೆಲ್ಲ ವರದಿ ಮಾಡಲೇಬೇಕು, ಮುಚ್ಚಿಡುವುದೇ ಅಪರಾಧ.

ಪರ್ದಾದ ಪ್ರಶ್ನೆಯೂ ಬರುತ್ತದೆ. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕೆಂದು ಪೋಕ್ಸೋ ಹೇಳುತ್ತದೆ. ದೊಡ್ಡವರ ವಿಷಯದಲ್ಲಿ ಮಹಿಳಾ ವೈದ್ಯರಿಲ್ಲವೆಂದು ಚಿಕಿತ್ಸೆ ತಡೆಯುವಂತಿಲ್ಲ, ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಅನಿವಾರ್ಯ ಸಂದರ್ಭದಲ್ಲಿ ಪುರುಷ ವೈದ್ಯರು ನೋಡುವುದಕ್ಕೆ ನಮ್ಮ ಫಿಕ್‌ಹಿನಲ್ಲಿ ಅವಕಾಶವಿದೆ. ಇನ್ನು ಹಿಂದೆ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಈಗ ಯಾರೂ ಮಾಡುವಂತಿಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರೆಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಂಡನ ಹೊಡೆತದ ವಿಷಯಕ್ಕೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಶೇ. 44.4 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅತಿ ಹೆಚ್ಚು ನಮ್ಮಲ್ಲಿ. ಇದರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ನಾವೂ ಇದ್ದೇವೆ. ಅವರಲ್ಲಿ ಆಸ್ಪತ್ರೆಗೆ ಹೋದವರೂ ಮೆಟ್ಟಿಲಿನಿಂದ ಜಾರಿದೆ, ಎಮ್ಮೆ ಹಾಯಿತು ಎಂದು ಹೇಳುತ್ತಾರೆ, ಏಕೆಂದರೆ ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿರುತ್ತಾರೆ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಅವಳೊಬ್ಬಳನ್ನೇ ಮೆಲ್ಲಗೆ ವಿಚಾರಿಸುವ ನರ್ಸ್ ಒಬ್ಬರಿದ್ದರೆ ಅದೇ ಅರ್ಧ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಸೂಚನೆಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ. ಆಕೆಯ ಮಾತು ಕೇಳಿ, ನಂಬಿ, ಈ ರಾತ್ರಿ ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ ಎಂದು ವಿಚಾರಿಸಿ, ನೆರವಿನ ದಾರಿ ತೋರಿಸಿ. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತಿಲ್ಲದಿದ್ದರೂ ಖಂಡಿತ ಆಸ್ಪತ್ರೆಗೆ ಹೋಗಬೇಕು. ಒಳಗಿನ ಊತ ಆಮೇಲೆ ಉಸಿರು ಕಟ್ಟಿಸಬಹುದು. ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟವಾಗುವುದು ಅದರ ಲಕ್ಷಣಗಳು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಡೆತ ತಿಂದವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು, ಮೊದಲು ದೂರು ದಾಖಲಾಗಿರಬೇಕೆಂಬ ಷರತ್ತಿಲ್ಲ, ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಆ ಪ್ರತಿಯನ್ನು ತವರಿನಲ್ಲಿ ಜೋಪಾನವಾಗಿಡಿ. ನಾಳೆ ಜೀವನಾಂಶವಿರಲಿ, ಖುಲಾ ಇರಲಿ, ಅದು ಬೇಕಾಗುತ್ತದೆ. ಹೆಂಡತಿಯ ಮೇಲಿನ ಲೈಂಗಿಕ ದೌರ್ಜನ್ಯವೂ ಈ ಕಾಯ್ದೆಯಲ್ಲಿ ಸೇರಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಸೂರಃ ಅನ್ನಿಸಾದ ಆಯತನ್ನು ಎತ್ತಿ ತೋರಿಸಿ ಹೊಡೆಯಲು ಅನುಮತಿಯಿದೆ ಎನ್ನುವ ಗಂಡಸರು ಸಿಗುತ್ತಾರೆ. ಅವರು ಯಾವ ಮದ್ರಸಾದಲ್ಲಿ ಓದಿದರೋ ತಿಳಿಯದು. ಗಾಯವಾಗುವ, ಗುರುತು ಬೀಳುವ, ಮುಖಕ್ಕೆ ತಗಲುವ ಹೊಡೆತವನ್ನು ಫಿಕ್‌ಹಿನ ವಿದ್ವಾಂಸರು ನಿಷೇಧಿಸಿದ್ದಾರೆ. ಆಸ್ಪತ್ರೆಗೆ ಬರುವಂಥ ಹೊಡೆತಕ್ಕೆ ಧರ್ಮದ ಆಸರೆ ಇಲ್ಲವೇ ಇಲ್ಲ. ಮನೆಯ ಮಾತು ಹೊರಗೆ ಹಾಕಬಾರದು, ಸಬ್ರ್ ಮಾಡು ಎಂದು ಹೇಳುವ ಖಾಲಾಗಳಿಗೆ ಅಬೂದಾವೂದ್ ವರದಿ ಮಾಡಿದ ಒಂದು ಹದೀಸನ್ನು ನೆನಪಿಸಬೇಕು. ಗಂಡಂದಿರ ಹೊಡೆತದ ದೂರು ಹೊತ್ತು ಅನೇಕ ಸ್ತ್ರೀಯರು ಪ್ರವಾದಿವರ್ಯರ(ಸ) ಮನೆಯವರ ಬಳಿ ಬಂದರು. ಅವರು ಮನೆಯ ಗುಟ್ಟು ಹೊರಹಾಕಿದರೆಂದು ಪ್ರವಾದಿ(ಸ) ಗದರಲಿಲ್ಲ. ಅಂಥ ಗಂಡಸರು ನಿಮ್ಮಲ್ಲಿ ಉತ್ತಮರಲ್ಲ ಎಂದು ಎಲ್ಲರಿಗೂ ಹೇಳಿದರು.

ಇನ್ನೊಂದು ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಮಾಝಿಗೆಂದು ಹೊರಟ ಸ್ತ್ರೀಯ ಮೇಲೆ ದಾರಿಯಲ್ಲಿ ಒಬ್ಬನು ಬಲಾತ್ಕಾರ ಮಾಡಿದನು. ಅವಳು ಕೂಗಿಕೊಂಡಳು, ಜನ ಓಡಿ ಬಂದರು, ಗಡಿಬಿಡಿಯಲ್ಲಿ ಬೇರೊಬ್ಬನನ್ನು ಹಿಡಿದು ತಂದರು. ಕೊನೆಗೆ ನಿಜವಾದ ಅಪರಾಧಿ ತಾನೇ ಎದ್ದು ಒಪ್ಪಿಕೊಂಡನು. ಪ್ರವಾದಿವರ್ಯರು(ಸ) ಅವಳ ಮೇಲೆ ಯಾವ ದೋಷವನ್ನೂ ಹೊರಿಸಲಿಲ್ಲ. ಅಲ್ಲಾಹನು ಅವಳನ್ನು ಕ್ಷಮಿಸಿದ್ದಾನೆಂದು ಸಮಾಧಾನ ಹೇಳಿ ಕಳಿಸಿದರು. ಆ ಹೊತ್ತಿನಲ್ಲಿ ಒಬ್ಬಳೇ ಯಾಕೆ ಹೊರಟೆ ಎಂಬ ಪ್ರಶ್ನೆ ಆ ಹದೀಸಿನಲ್ಲಿ ಎಲ್ಲಿಯೂ ಇಲ್ಲ. ನಮ್ಮ ಪಂಚಾಯ್ತಿಗಳಲ್ಲಿ ಮೊದಲು ಕೇಳುವುದೇ ಅದನ್ನು. ಗಾಯಾಳುಗಳ ಆರೈಕೆಗೆ ಮದೀನಾದ ಮಸೀದಿಯ ಅಂಗಳದಲ್ಲೇ ರುಫೈದಾ(ರ) ಎಂಬ ಮಹಿಳೆಯ ಡೇರೆ ಇತ್ತು. ನಮ್ಮ ಮಸೀದಿ ಕಮಿಟಿಗಳಿಗೆ ಅಷ್ಟು ಸಾಧ್ಯವಾಗದಿದ್ದರೆ ಬೇಡ, ಆಸ್ಪತ್ರೆಗೆ ಹೋಗಲು ಒಂದು ಗಾಡಿ, ಜೊತೆಗೆ ಒಬ್ಬ ನಂಬಿಕಸ್ಥ ಆಪಾ, ಇಷ್ಟನ್ನಾದರೂ ಮಾಡಬಹುದು. ಹಿರಿಯರು ಕೂರುವುದಿದ್ದರೆ ಅವಳು ಚಿಕಿತ್ಸೆ ಪಡೆದ ಮೇಲೆ ಕೂರಲಿ. ಅತ್ಯಾಚಾರದಂಥ ಅಪರಾಧವನ್ನು ರಾಜಿ ಮಾಡಿಸುವ ಅಧಿಕಾರ ಅವರಿಗೆ ಆಗಲೂ ಇಲ್ಲ. ಜಮಾಅತಿನ ವಾಟ್ಸಪ್ ಗುಂಪಿನಲ್ಲಿ ಅವಳ ಹೆಸರು ಹಾಕುವವರೂ ಎಚ್ಚರವಾಗಿರಲಿ. ಹಾಗೆ ಹೆಸರು ಬಹಿರಂಗಪಡಿಸಿದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ದಾರಿ ಗೊತ್ತಿಲ್ಲದವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಜಿಲ್ಲೆಗಳಲ್ಲಿ 'ಸಖಿ' ಕೇಂದ್ರಗಳಿವೆ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತ ಸಮಾಲೋಚನೆ, ಕೆಲವು ದಿನ ತಂಗಲು ಜಾಗ ಒಂದೇ ಕಡೆ ಸಿಗುತ್ತವೆ. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ, ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆಯೆಂದು ಹೇಳುತ್ತಾರೆ. ಬಲಾತ್ಕಾರಕ್ಕೊಳಗಾದವಳನ್ನು ಆಸ್ಪತ್ರೆಯವರು ಚಿಕಿತ್ಸೆಯಿಲ್ಲದೆ ಹಿಂದಕ್ಕೆ ಕಳಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಂತೆ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಜಗಳ ಮಾಡಬೇಕಿಲ್ಲ. ಚಿಕಿತ್ಸೆ ಕೊಡುವುದಿಲ್ಲವೆಂದು ಬರೆದುಕೊಡಿ ಎಂದು ಮರ್ಯಾದೆಯಿಂದ ಕೇಳಿ, ದಿನಾಂಕ ಮತ್ತು ವೇಳೆಯನ್ನು ಗುರುತು ಹಾಕಿಕೊಳ್ಳಿ. ಅಷ್ಟು ಕೇಳಿದ ಮೇಲೂ ಒಪ್ಪದಿದ್ದರೆ ಅಲ್ಲಿಂದಲೇ 181ಕ್ಕೆ ಫೋನು ಮಾಡಿ, ಕತ್ತಲಾಗುವುದಕ್ಕೆ ಮುಂಚೆ ಮುಂದಿನ ಆಸ್ಪತ್ರೆಗೆ ಹೊರಡಿ.