ಲಂಗರು ಎತ್ತುವವರ ಜೀವಕ್ಕೆ ಲಂಗರು ಎಲ್ಲಿ?

ಪೆಟ್ರೋಲ್ ದರ ಐವತ್ತು ಪೈಸೆ ಏರಿದರೆ ದೇಶದ ಉದ್ದಗಲಕ್ಕೂ ಚರ್ಚೆ ನಡೆಯುತ್ತದೆ. ಆದರೆ ಆ ತೈಲವನ್ನು ಕಡಲಗರ್ಭದಿಂದ ಮೇಲೆತ್ತಲು ನೆರವಾಗುವ ನಾವಿಕರ ಬದುಕಿನ ಬಗ್ಗೆ ಚರ್ಚೆಯಾಗಬೇಕಾದರೆ ಒಂದು ಚಂಡಮಾರುತವೇ ಬೀಸಬೇಕು. ತೈಲಬಾವಿ ಕೊರೆಯುವ ರಿಗ್‌ಗಳನ್ನು, ಕಾರ್ಮಿಕರು ತಂಗುವ ಬಾರ್ಜ್‌ಗಳನ್ನು ನಡುಗಡಲಿನಲ್ಲಿ ಸ್ಥಿರವಾಗಿ ನಿಲ್ಲಿಸುವ ಲಂಗರು ನಿರ್ವಹಣಾ ಹಡಗುಗಳ ಸಿಬ್ಬಂದಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ಇಂಥ ಹಡಗುಗಳ ವಿಂಚ್‌ಗಳ ತಯಾರಿಕೆ, ಪರೀಕ್ಷೆ ಮತ್ತು ನಿರ್ವಹಣೆ ಕುರಿತಂತೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ರೂಪಿಸಿದ ಹೊಸ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಇದು ಸ್ವಾಗತಾರ್ಹ. ಆದರೆ ಯಂತ್ರಕ್ಕೆ ನಿಯಮ ಬಂದ ಮಾತ್ರಕ್ಕೆ ಯಂತ್ರದ ಪಕ್ಕ ನಿಂತ ಮನುಷ್ಯನಿಗೆ ರಕ್ಷಣೆ ದೊರೆಯಿತೇ ಎಂಬ ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ.

ಈ ಕೆಲಸದ ಸ್ವರೂಪವನ್ನು ಮೊದಲು ಅರಿಯಬೇಕು. ತೇಲುವ ರಿಗ್ ಒಂದನ್ನು ಹಿಡಿದು ನಿಲ್ಲಿಸಲು ಸಾಮಾನ್ಯವಾಗಿ ಎಂಟು ಲಂಗರುಗಳು ಬೇಕು. ಒಂದೊಂದರ ತೂಕ ಹಲವು ಟನ್. ಅದಕ್ಕೆ ಜೋಡಿಸಿದ ಉಕ್ಕಿನ ಸರಪಳಿಯ ತೂಕ ಅದಕ್ಕಿಂತಲೂ ಎಷ್ಟೋ ಪಟ್ಟು ಹೆಚ್ಚು. ಲಂಗರು ನಿರ್ವಹಣಾ ಹಡಗು ಇವುಗಳನ್ನು ರಿಗ್‌ನಿಂದ ಪಡೆದು, ದೂರಕ್ಕೆ ಒಯ್ದು, ಗೊತ್ತುಪಡಿಸಿದ ಜಾಗದಲ್ಲಿಯೇ ತಳಕ್ಕೆ ಇಳಿಸಬೇಕು. ಕೆಲಸ ಮುಗಿದ ಮೇಲೆ ಮತ್ತೆ ಮೇಲೆತ್ತಬೇಕು. ಹಡಗಿನ ಹಿಂಭಾಗದ ಡೆಕ್ ತಗ್ಗಾಗಿ, ಕಡಲಿಗೆ ತೆರೆದುಕೊಂಡಿರುತ್ತದೆ. ಅಲೆಗಳು ನೇರವಾಗಿ ಡೆಕ್ಕಿನ ಮೇಲೆಯೇ ನುಗ್ಗುತ್ತವೆ. ಅಲ್ಲಿ ನಿಂತ ಖಲಾಸಿಯ ಎದುರಿಗೆ ನೂರಾರು ಟನ್ ಎಳೆತಕ್ಕೆ ಸಿಕ್ಕ ಉಕ್ಕಿನ ಹಗ್ಗವಿರುತ್ತದೆ. ಅದು ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ತಪ್ಪಿಸಿಕೊಳ್ಳಲು ಕ್ಷಣಾರ್ಧವೂ ಸಿಗದು. ಹನ್ನೆರಡು ಗಂಟೆಗಳ ಪಾಳಿ ಇಲ್ಲಿ ವಿಶೇಷವಲ್ಲ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ನೀಡಬೇಕೆಂದು ಭಾರತವೂ 2015ರಲ್ಲಿ ಒಪ್ಪಿಕೊಂಡಿರುವ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಆದರೆ ರಿಗ್ ಸ್ಥಳಾಂತರ ಆರಂಭವಾದರೆ ಲಂಗರು ಗಡಿಯಾರ ನೋಡಿ ಮೇಲೇಳುವುದಿಲ್ಲ.

ಅಪಾಯ ಡೆಕ್ಕಿಗಷ್ಟೇ ಸೀಮಿತವಲ್ಲ, ಇಡೀ ಹಡಗಿಗೂ ಇದೆ ಎಂಬುದನ್ನು ಜಗತ್ತಿಗೆ ಮನದಟ್ಟು ಮಾಡಿದ್ದು 2007ರ ಬೂರ್ಬೋಂ ಡಾಲ್ಫಿನ್ ದುರಂತ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಪಶ್ಚಿಮಕ್ಕೆ, ಸುಮಾರು 1,100 ಮೀಟರ್ ಆಳದ ಕಡಲಿನಲ್ಲಿ ರಿಗ್ ಒಂದರ ಲಂಗರು ಇಳಿಸುತ್ತಿದ್ದ ಈ ನಾರ್ವೆ ಹಡಗು ಅದೇ ವರ್ಷ ಏಪ್ರಿಲ್ 12ರಂದು ಮಗುಚಿಕೊಂಡಿತು. ಹಡಗಿನಲ್ಲಿದ್ದ 15 ಮಂದಿಯಲ್ಲಿ ಎಂಟು ಮಂದಿ ಮೃತಪಟ್ಟರು. ಕೆಲಸ ನೋಡಲೆಂದು ಬಂದಿದ್ದ ಕ್ಯಾಪ್ಟನ್‌ನ ಹದಿಹರೆಯದ ಮಗನೂ ಅವರಲ್ಲಿ ಒಬ್ಬ. ಹಡಗು ಹಳೆಯದಾಗಿರಲಿಲ್ಲ; 2006ರಲ್ಲಷ್ಟೇ ನಿರ್ಮಾಣಗೊಂಡಿತ್ತು. ಗಾಳಿ ಮತ್ತು ಪ್ರವಾಹಕ್ಕೆ ಸಿಕ್ಕಿ ಹಡಗು ನಿಗದಿತ ಮಾರ್ಗದಿಂದ ಸರಿಯಿತು. ಸರಪಳಿಯನ್ನು ಹಿಡಿದಿದ್ದ ಗೂಟವನ್ನು ತಗ್ಗಿಸಿದಾಗ ಅದರ ಎಳೆತ ಪಕ್ಕಕ್ಕೆ ತಿರುಗಿತು. ತುರ್ತು ಬಿಡುಗಡೆ ವ್ಯವಸ್ಥೆಯನ್ನು ಬಳಸಿದರೂ ಸರಪಳಿ ಬೇಕಾದಷ್ಟು ವೇಗವಾಗಿ ಕಳಚಿಕೊಳ್ಳಲಿಲ್ಲ.

ನಾರ್ವೆ ಸರಕಾರ ನೇಮಿಸಿದ ತನಿಖಾ ಆಯೋಗ ಯಾವುದೇ ಒಬ್ಬ ವ್ಯಕ್ತಿಯ ತಲೆಗೆ ತಪ್ಪನ್ನು ಕಟ್ಟಲಿಲ್ಲ ಎಂಬುದು ಗಮನಾರ್ಹ. ಹಡಗಿನ ಸ್ಥಿರತೆಯ ಮಿತಿ, ಕಂಪನಿಯ ಸುರಕ್ಷತಾ ವ್ಯವಸ್ಥೆಯ ಲೋಪ, ರಿಗ್ ಸ್ಥಳಾಂತರದ ಯೋಜನೆಯ ದೋಷ ಎಲ್ಲವನ್ನೂ ಅದು ಪಟ್ಟಿ ಮಾಡಿತು. ಆ ಹಡಗಿಗೆ ಹೊಸಬರಾಗಿದ್ದ ಕ್ಯಾಪ್ಟನ್‌ಗೆ ಹಡಗನ್ನು ಪರಿಚಯಿಸಿಕೊಳ್ಳಲು ದೊರೆತದ್ದು ಸುಮಾರು ಒಂದೂವರೆ ಗಂಟೆ ಮಾತ್ರ ಎಂಬ ಸಂಗತಿಯೂ ಬಯಲಾಯಿತು. ಲಂಗರು ಕೆಲಸದ ಸಂದರ್ಭದ ಸ್ಥಿರತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡಗಳು ಜಾರಿಗೆ ಬಂದದ್ದು 2020ರಲ್ಲಿ, ವಿಂಚ್ ನಿಯಮ ಬಂದದ್ದು 2026ರಲ್ಲಿ. ಅಂದರೆ ಒಂದು ದುರಂತದ ಪಾಠ ನಿಯಮವಾಗಲು 13ರಿಂದ 19 ವರ್ಷಗಳೇ ಬೇಕಾದವು.

ನಮ್ಮ ದೇಶದ ಅನುಭವ ಇದಕ್ಕಿಂತಲೂ ಕಹಿ. 1974ರಲ್ಲಿ ತೈಲ ಪತ್ತೆಯಾದ ಬಾಂಬೆ ಹೈ ಪ್ರದೇಶ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಅಲ್ಲಿ ಪಿ-305 ಎಂಬ ವಸತಿ ಬಾರ್ಜ್ ಮುಳುಗಿತು. ಒಎನ್‌ಜಿಸಿ ಕಾಮಗಾರಿಯ ಗುತ್ತಿಗೆ ಪಡೆದ ಸಂಸ್ಥೆಯೊಂದು ಅದನ್ನು ನಿಯೋಜಿಸಿತ್ತು. ಬಾರ್ಜ್‌ನಲ್ಲಿ 261 ಮಂದಿ ಇದ್ದರು. ನೌಕಾಪಡೆಯ ಸಾಹಸದಿಂದಾಗಿ 186 ಮಂದಿ ಬದುಕುಳಿದರು. ಅದೇ ವೇಳೆ ಮುಳುಗಿದ ವರಪ್ರದಾ ಎಂಬ ಲಂಗರು ನಿರ್ವಹಣಾ ಟಗ್‌ನಲ್ಲಿದ್ದ 13 ಮಂದಿಯಲ್ಲಿ ಉಳಿದವರು ಇಬ್ಬರೇ. ಒಟ್ಟು 86 ಮಂದಿ ಪ್ರಾಣ ತೆತ್ತರು. ಬಾರ್ಜ್‌ನ ದುರಂತ ದೇಶದ ಸುದ್ದಿಯಾಯಿತು. ಟಗ್‌ನ ಹನ್ನೊಂದು ಜೀವಗಳು ಅದರ ಅಡಿಟಿಪ್ಪಣಿಯಾದವು.

ಇಲ್ಲಿ ತಾಂತ್ರಿಕವಾದ ಒಂದು ಸಂಗತಿಯನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಪಿ-305ರಂಥ ಬಾರ್ಜ್‌ಗೆ ತನ್ನದೇ ಆದ ಚಾಲನಾ ಎಂಜಿನ್ ಇರುವುದಿಲ್ಲ. ಅದು ಸುರಕ್ಷಿತ ಸ್ಥಳಕ್ಕೆ ಹೋಗಬೇಕಾದರೆ ಟಗ್ ಬಂದು ಲಂಗರುಗಳನ್ನು ಒಂದೊಂದಾಗಿ ಎತ್ತಬೇಕು, ಬಳಿಕ ಎಳೆದೊಯ್ಯಬೇಕು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಸಮುದ್ರ ಶಾಂತವಾಗಿರುವಾಗ ಮಾತ್ರ ಸಾಧ್ಯವಾಗುವ ಕೆಲಸ. ಅಲೆಗಳು ಎದ್ದ ಮೇಲೆ ಲಂಗರು ಎತ್ತಲು ಹೊರಡುವುದೆಂದರೆ ಟಗ್‌ನ ಸಿಬ್ಬಂದಿಯನ್ನು ಮೃತ್ಯುವಿನ ಬಾಯಿಗೆ ತಳ್ಳಿದಂತೆ. ಆದ್ದರಿಂದ ಹೊರಡುವ ನಿರ್ಧಾರ ಬಿರುಗಾಳಿಗಿಂತ ಬಹಳ ಮೊದಲೇ ಆಗಬೇಕು. ಹವಾಮಾನ ಇಲಾಖೆ ದಿನಗಳ ಮೊದಲೇ ಮುನ್ನೆಚ್ಚರಿಕೆ ನೀಡಿತ್ತು. ಆದರೂ ಬಾರ್ಜ್ ಸುರಕ್ಷಿತ ಬಂದರಿಗೆ ತೆರಳಲಿಲ್ಲ. ಕೊನೆಗೆ ಅದರ ಲಂಗರುಗಳೇ ಕಿತ್ತುಹೋದವು. ದುರಂತದ ನಂತರ ಪೊಲೀಸರು ಮೊದಲು ಪ್ರಕರಣ ದಾಖಲಿಸಿದ್ದು ಕ್ಯಾಪ್ಟನ್ ವಿರುದ್ಧ.

ಕಾನೂನಿನ ಪುಸ್ತಕದಲ್ಲಿ ಕ್ಯಾಪ್ಟನ್ ಸರ್ವಾಧಿಕಾರಿ. ಜೀವರಕ್ಷಣೆಗಾಗಿ ಆತ ತೆಗೆದುಕೊಳ್ಳುವ ನಿರ್ಧಾರಕ್ಕೆ ಮಾಲೀಕನಾಗಲಿ, ಬಾಡಿಗೆ ಪಡೆದ ಕಂಪನಿಯಾಗಲಿ ಅಡ್ಡಿಪಡಿಸುವಂತಿಲ್ಲ ಎಂದು ಸೋಲಾಸ್ ಎಂದೇ ಪರಿಚಿತವಾದ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಆದರೆ ವಾಸ್ತವವೇ ಬೇರೆ. ತೈಲ ಕಂಪನಿ ಕೆಲಸವನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಗುತ್ತಿಗೆದಾರ ಹಡಗನ್ನು ದಿನಬಾಡಿಗೆಗೆ ಪಡೆಯುತ್ತಾನೆ. ಹಡಗಿನ ಮಾಲೀಕ ಸಿಬ್ಬಂದಿಯನ್ನು ಇನ್ನೊಂದು ಏಜೆನ್ಸಿಯಿಂದ ತರುತ್ತಾನೆ. ಈ ಸರಪಳಿಯ ಕೊನೆಯ ಕೊಂಡಿಯಲ್ಲಿರುವವನು ಕೆಲವೇ ತಿಂಗಳ ಕರಾರಿನ ನೌಕರ. ಕೆಲಸ ನಿಂತ ದಿನ ಯಾರದೋ ಲೆಕ್ಕದಲ್ಲಿ ನಷ್ಟ. ಮುಂಗಾರು ಕಾಲಿಡುವ ಮೊದಲೇ ಕಾಮಗಾರಿ ಮುಗಿಸುವ ಧಾವಂತ ಬೇರೆ. ಹೀಗಿರುವಾಗ 'ನಾನು ಲಂಗರು ಎತ್ತಿ ಹೊರಡುತ್ತೇನೆ' ಎನ್ನುವ ಕ್ಯಾಪ್ಟನ್‌ಗೆ ಮುಂದಿನ ಕರಾರು ಸಿಗುವ ಭರವಸೆ ಏನು? ಕ್ಯಾಪ್ಟನ್‌ಗೇ ಇಲ್ಲದ ಧೈರ್ಯ ಡೆಕ್ಕಿನ ಖಲಾಸಿಗೆ ಬರುವುದಾದರೂ ಹೇಗೆ?

ಇದು ಮುಂಬಯಿಯ ಕಥೆ ಮಾತ್ರವಲ್ಲ. ಅದೇ ತೌಕ್ತೆ ನಮ್ಮ ಕರಾವಳಿಯನ್ನೂ ಬಿಡಲಿಲ್ಲ. ಮಂಗಳೂರಿನ ಎಂಆರ್‌ಪಿಎಲ್‌ಗೆ ಕಚ್ಚಾತೈಲ ಇಳಿಸುವ ತೇಲುತಾಣದ ಕೆಲಸಕ್ಕೆಂದು ಬಂದಿದ್ದ ಅಲಯನ್ಸ್ ಎಂಬ ಟಗ್ ಮಗುಚಿ ಸಾವುನೋವು ಸಂಭವಿಸಿತು. ಕೋರಮಂಡಲ್ ಸಪೋರ್ಟರ್-9 ಎಂಬ ಇನ್ನೊಂದು ಟಗ್ ಬಂಡೆಗಳ ನಡುವೆ ಸಿಲುಕಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ ಮೇ 17ರಂದು ಪಾರುಮಾಡಿದವು. ಮೀನುಗಾರರು ದೋಣಿಗಳನ್ನು ದಡ ಸೇರಿಸಿದ್ದ ದಿನಗಳಲ್ಲಿ ಈ ಟಗ್‌ಗಳು ಕಡಲಲ್ಲೇ ಏಕಿದ್ದವು ಎಂಬ ಪ್ರಶ್ನೆ ಇಂದಿಗೂ ಪ್ರಸ್ತುತ.

ಶತಮಾನದ ಅರ್ಧಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ 1958ರ ಕಾಯ್ದೆಯ ಬದಲಿಗೆ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಬಾರ್ಜ್‌ಗಳು ಹಾಗೂ ಸಂಚಾರಿ ಕೊರೆಯುವ ಘಟಕಗಳನ್ನೂ ಅದು ನೌಕೆಯ ವ್ಯಾಖ್ಯೆಯೊಳಗೆ ತಂದಿರುವುದು ಸರಿಯಾದ ಹೆಜ್ಜೆ. ಇನ್ನೊಂದೆಡೆ, ಸೋಲಾಸ್ ಮುಖ್ಯವಾಗಿ ಅಂತರರಾಷ್ಟ್ರೀಯ ಯಾನದ, 500 ಟನ್ನೇಜ್‌ಗಿಂತ ಕಡಿಮೆಯಿಲ್ಲದ ಸರಕು ಹಡಗುಗಳಿಗೆ ಅನ್ವಯಿಸುವ ಒಪ್ಪಂದ. ನಮ್ಮದೇ ಕಡಲಲ್ಲಿ ದುಡಿಯುವ ಚಿಕ್ಕ ಟಗ್‌ಗಳಿಗೆ ಅಷ್ಟೇ ಬಿಗಿಯಾದ ನಿಯಮ ಹಾಕುವ ಹೊಣೆ ಕೇಂದ್ರದ ಮೇಲಿದೆ. ವಿಂಚ್ ನಿಯಮಕ್ಕೆ ಚಿಕ್ಕ ಹಡಗುಗಳೆಂಬ ರಿಯಾಯಿತಿ ಸಲ್ಲದು. ಉಕ್ಕಿನ ಹಗ್ಗ ತುಂಡಾಗುವಾಗ ಹಡಗಿನ ತೂಕ ಕೇಳುವುದಿಲ್ಲ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚಂಡಮಾರುತದ ಮುನ್ಸೂಚನೆ ಯಾವ ಹಂತಕ್ಕೆ ಬಂದಾಗ ಲಂಗರು ಎತ್ತಲೇಬೇಕು ಎಂಬುದನ್ನು ಗುತ್ತಿಗೆ ಕರಾರಿನಲ್ಲಿಯೇ ಬರೆಯಬೇಕು. ಆ ದಿನಗಳ ಬಾಡಿಗೆಯನ್ನು ತೈಲ ಕಂಪನಿಯೇ ಭರಿಸಬೇಕು. ಆಗ ಹೊರಡುವ ನಿರ್ಧಾರ ಒಬ್ಬ ಕ್ಯಾಪ್ಟನ್‌ನ ಧೈರ್ಯದ ಪ್ರಶ್ನೆಯಾಗಿ ಉಳಿಯದೆ ವ್ಯವಸ್ಥೆಯ ನಿಯಮವಾಗುತ್ತದೆ. ಕೆಲಸ ನಿಲ್ಲಿಸಿದ ನಾವಿಕನನ್ನು ಮುಂದಿನ ಕರಾರಿನಿಂದ ಹೊರಗಿಟ್ಟರೆ ದೂರು ಆಲಿಸಲು ಸ್ವತಂತ್ರ ವ್ಯವಸ್ಥೆಯೂ ಬೇಕು. ದುರಂತಗಳ ತನಿಖಾ ವರದಿಗಳು ಕಡತಗಳಲ್ಲಿ ಮಲಗದೆ ಸಾರ್ವಜನಿಕರಿಗೂ, ಮುಖ್ಯವಾಗಿ ನಾವಿಕರಿಗೂ ಲಭ್ಯವಾಗಬೇಕು. ಇವಕ್ಕೆ ತಗಲುವ ವೆಚ್ಚ ಒಂದು ರಿಗ್‌ನ ಕೆಲವು ದಿನಗಳ ಬಾಡಿಗೆಗಿಂತ ಹೆಚ್ಚಾಗಲಾರದು.

ಅರಬ್ಬೀ ಸಮುದ್ರದಲ್ಲಿ ತೀವ್ರ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಹವಾಮಾನ ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸವನ್ನು ಈ ಬಾರಿಯಾದರೂ ಬಿಡಬೇಕು. ಮುಂದಿನ ಬಿರುಗಾಳಿ ಬರುವಷ್ಟರಲ್ಲಿ, ಹೊರಟುಬಿಡಿ ಎಂದು ಹೇಳುವವರು ಯಾರು ಎಂಬುದು ಪ್ರತಿಯೊಂದು ಟಗ್‌ನ ಪ್ರತಿಯೊಬ್ಬ ಖಲಾಸಿಗೂ ಗೊತ್ತಿರಲಿ.