ತಾಜಾ ಮೀನಕ್ಕ ಉಡುಪಿಗೆ ಹೋಗಬೇಕಿಲ್ಲ, ಹೊಂಡದ ಒಡ್ಡಿಗೆ ಬರ್ರಿ



ಈ ಸಲ ದ್ರಾಕ್ಷಿ ಬಗ್ಗೆ ಬರೆಯಾಂಗಿಲ್ಲ, ಮೀನದ ಬಗ್ಗೆ ಬರಿತೀನಿ. ನಮ್ಮ ತಿಕೋಟಾ-ಬಬಲೇಶ್ವರ ಭಾಗದಾಗ ಮೀನ ತಿನ್ನಾವರೂ ಅದಾರ, ತಿನ್ನದವರೂ ಅದಾರ. ತಿನ್ನದವರು ಓದೂದು ಇಲ್ಲಿಗೇ ಬಿಡಬ್ಯಾಡ್ರಿ, ಯಾಕಂದ್ರ ಇದು ಹೊಂಡದ ನೀರಿನ ಲೆಕ್ಕದ ಮಾತೂ ಹೌದು.

ಎರಡು ವರ್ಷದ ಹಿಂದ ಜುಲೈ ತಿಂಗಳದಾಗ ಮಗಳನ್ನ ಕಾಲೇಜಿಗೆ ಸೇರಿಸಾಕ ಉಡುಪಿಗೆ ಹೋಗಿದ್ದೆ. ಸಮುದ್ರದ ಊರಿಗೆ ಬಂದೇವಿ, ಒಳ್ಳೆ ಅಂಜಲ್ ಮೀನ ತಿಂದೇ ಹೋಗೂಣು ಅಂತ ಮೀನ ಮಾರ್ಕೆಟ್‌ಗೆ ಹೋದೆ. ಬುಟ್ಟಿ ಮುಂದ ಇಟಗೊಂಡು ಕುಂತಿದ್ದ ಒಬ್ಬ ವಯಸ್ಸಾದ ಹೆಣ್ಣಮಗಳು ನನ್ನ ಮಾತಿನ ಧಾಟಿ ಕೇಳಿ ನಕ್ಕಳು. "ಅಂಜಲ್ ಉಂಟು, ಆದ್ರೆ ಅದು ಇಲ್ಲಿದ್ದಲ್ಲ, ಐಸಿನದ್ದು. ಈಗ ಬೋಟ್ ಬಂದ್ ಅಲ್ವಾ. ತಾಜಾ ಬೇಕಾದ್ರೆ ಈ ಹೊಳೆ ಮೀನು ತಗೊಳ್ಳಿ, ಇಲ್ಲ ಮರುವಾಯಿ ತಗೊಳ್ಳಿ" ಅಂದಳು.

ನನಗ ಆಶ್ಚರ್ಯ ಆತು. ಸಮುದ್ರದ ದಂಡಿ ಮ್ಯಾಲ ಕುಂತಾಕಿ ಸಮುದ್ರದ ಮೀನ ಬ್ಯಾಡ ಅಂತಾಳಲ್ಲ! ಆಮ್ಯಾಲ ತಿಳೀತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರ 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕ ಇಳಿಯಾಂಗಿಲ್ಲ. ಮೀನ ಮರಿ ಮಾಡೂ ಹೊತ್ತದು. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಿಂಗಾಗಿ ಜುಲೈದಾಗ ಉಡುಪಿಯಲ್ಲಿ ಸಿಗೂ ದೊಡ್ಡ ಮೀನ ಬಹಳಷ್ಟು ತಮಿಳುನಾಡು, ಆಂಧ್ರದ ಕಡಿಂದ ಲಾರಿಯಾಗ ಐಸ್ ಹೊತಗೊಂಡು ಬಂದಿರತೈತಿ. ಅಲ್ಲಿಯ ತಿಳಿದ ಮಂದಿ ಆ ಎರಡು ತಿಂಗಳು ಹೊಳಿ ಮೀನ, ಚಿಪ್ಪು, ಒಣಮೀನ ತಿಂದು ಸುಮ್ಮನ ಇರತಾರ.

ಆ ತಾಯಿ ನನಗ ಮೀನ ನೋಡೂದನ್ನೂ ಕಲಿಸಿದಳು. ಕಿವಿರು ಎತ್ತಿದರ ಒಳಗ ಕೆಂಪಗ ಇರಬೇಕು. ಕಣ್ಣು ಉಬ್ಬಿ ಹೊಳೀಬೇಕು, ಒಳಗ ಇಳಿದು ಮಂಜಾಗಿದ್ದರ ಬ್ಯಾಡ. ಬೆರಳಿಲೆ ಒತ್ತಿದರ ಗುಣಿ ಬೀಳಬಾರದು, ಮಾಂಸ ತಿರುಗಿ ಏಳಬೇಕು. ವಾಸನಿ ನೀರಿನ ವಾಸನಿ ಇರಬೇಕು, ನಾತ ಬರಬಾರದು. ಇಷ್ಟ ನೋಡ್ರಿ, ಪಾಠ ಮುಗೀತು. ಹೊಳಿ ಮೀನ ತಂದು ಪರಿಚಯದವರ ಮನ್ಯಾಗ ಮಾಡಿಸಿ ಉಂಡ್ವಿ. ಆ ರುಚಿ ಇನ್ನೂ ನೆನಪೈತಿ.

ಊರಿಗೆ ಬರಬೇಕಾದ್ರ ದಾರಿ ಪೂರ್ತಿ ನನಗ ನನ್ನ ಹೊಂಡದ್ದೇ ಚಿಂತಿ. ಯಾಕಂತ ಹೇಳತೀನಿ.

ಅದೇ ವರ್ಷ ಮೇ ತಿಂಗಳದಾಗ ನನ್ನ ಅರ್ಧ ಎಕರೆ ಹೊಂಡದ ಮೀನ ಒಂದೇ ದಿನಕ್ಕ ಬಲಿ ಹಾಕಿಸಿ, ಬಂದ ವ್ಯಾಪಾರಿಗೆ ಕಿಲೋಕ್ಕ 90 ರೂಪಾಯಿಯಂಗ ಕೊಟ್ಟಿದ್ದೆ. ಬಿಸಲು ಜೋರಿತ್ತು, ನೀರು ಕಡಿಮಿ ಆಗಿತ್ತು, ಕೊಡದ ಇದ್ರ ಸಾಯತಾವ ಅನ್ನೂ ಅಂಜಿಕಿ. ಅವಗ ನನ್ನ ಅಂಜಿಕಿ ಗೊತ್ತಿತ್ತು. ಮುಂದಿನ ವಾರ ವಿಜಯಪುರಕ್ಕ ಹೋದಾಗ ಬೀಗರು ಬರತಾರಂತ ಮೀನ ಕೊಂಡೆ. ಐಸ್ ಡಬ್ಬಿಯಾಗಿನ ಕಾಟ್ಲಾ, ಕಿಲೋಕ್ಕ 180. ಕಣ್ಣು ಒಳಗ ಹೋಗಿತ್ತು, ಒತ್ತಿದರ ಗುಣಿ ಬೀಳತಿತ್ತು. ನಮ್ಮದೇ ಹೊಂಡದ್ದೋ ಮತ್ತೊಬ್ಬರದೋ ದೇವರಿಗೇ ಗೊತ್ತು. ಬೆಳೆದಾವ ನಾನು, ಎರಡರಷ್ಟು ರೊಕ್ಕ ಕೊಟ್ಟು ಹಳೇ ಮೀನ ತಿಂದಾವನೂ ನಾನು.

ಐಸ್ ಹಾಕೂದು ತಪ್ಪಲ್ಲ. ಸಮುದ್ರದಾಗ ದೊಡ್ಡ ಬೋಟು ಎಂಟ್ಹತ್ತು ದಿನ ಇದ್ದು ಬರತಾವ, ಅಲ್ಲಿಂದ ನಮ್ಮ ಊರಿಗೆ ಮತ್ತ ಒಂದು ರಾತ್ರಿ ದಾರಿ. ಐಸ್ ಇಲ್ಲದ ಹೆಂಗ ಬರಬೇಕು? ಆದ್ರ ದೂರ ಹೆಚ್ಚಾದಂಗ ಅನುಮಾನಾನೂ ಹೆಚ್ಚಾಗತೈತಿ. 2018ರಾಗ ಗೋವಾದಲ್ಲಿ ಹೊರಗಿನ ಮೀನಕ್ಕ ಫಾರ್ಮಾಲಿನ್ ಹಾಕತಾರಂತ ದೊಡ್ಡ ಗದ್ದಲ ಆಗಿ, ಸರ್ಕಾರ ಕೆಲವು ದಿನ ಹೊರರಾಜ್ಯದ ಮೀನ ತರೂದನ್ನೇ ನಿಲ್ಲಿಸಿತು. ಮೀನದ ಊರಿನಾಗೇ ಹಂಗ ಅಂದ್ರ, ನಮ್ಮಲ್ಲಿಗೆ ಬರೂ ಡಬ್ಬಿ ಯಾರು ಬಿಚ್ಚಿ ನೋಡಾವರು?

ನನ್ನ ಅಭಿಪ್ರಾಯ ಇಷ್ಟ. ಕರಾವಳಿ ಮಂದಿಯಿಂದ ನಾವು ಅಂಜಲ್, ಬಂಗುಡಿ ತರಿಸಿಕೊಳ್ಳೂದಕ್ಕಿಂತ ಅವರು ಮೀನ ಕೊಳ್ಳೂ ಪದ್ಧತಿ ತರಿಸಿಕೊಳ್ಳಬೇಕು. ಹತ್ತರದ ನೀರಿನ ಮೀನ, ಅವತ್ತು ಹಿಡಿದದ್ದು, ಹಿಡಿದವರ ಮಾರಿ ನೋಡಿ ಕೊಳ್ಳೂದು, ಕಾಲ ಇಲ್ಲದಾಗ ಸುಮ್ಮನಿರೂದು.

ಮೊದಲ ಆಗಿದ್ದರ ಈ ಮಾತು ಹೇಳಾಕ ಬರತಿರಲಿಲ್ಲ, ಕುಡಿಯಾಕ ನೀರಿರಲಿಲ್ಲ. ಈಗ ಕೃಷ್ಣಾ ನೀರು ಏತ ನೀರಾವರಿಯಿಂದ ಕೆರಿಗೆ ಬಂದೈತಿ. 2014ರಿಂದ ಕೃಷಿ ಭಾಗ್ಯದಾಗ, ಆಮ್ಯಾಲ ದ್ರಾಕ್ಷಿ ಸಲುವಾಗಿ ಸ್ವಂತ ಖರ್ಚಿನಾಗ, ಹೊಲ ಹೊಲಕ್ಕ ಹೊಂಡ ಆಗ್ಯಾವ. ಬಬಲೇಶ್ವರ ತಾಲೂಕಿನ ಮಮದಾಪುರ ಕೆರಿ ಎಲ್ಲಾರೂ ನೋಡೀರಿ. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಕಾಲದ್ದು. ಕೊಂಕಣದ ಭತ್ತದ ಗದ್ದಿ, ಮಾವಿನ ತೋಪಿನ ವರ್ಣನೆ ಕೇಳಿ, ನನ್ನ ರಾಜಧಾನಿ ಹತ್ತರಾನೂ ಅಂಥಾ ಊರು ಬೇಕು ಅಂತ ಆಶಾ ಪಟ್ಟು ಕಟ್ಟಿಸಿದ ಅಂತ ಕತಿ ಐತಿ. ಬರಗಾಲದ ನಾಡಿನ ದೊರಿ ಕೊಂಕಣಾನ ಇಲ್ಲಿಗೇ ಕರಕೊಂಡು ಬರೂ ಕನಸು ಕಂಡ. ನಮಗ ನೀರು ಬಂದೈತಿ, ನಾವು ಇನ್ನೂ ಲಾರಿ ದಾರಿ ಕಾಯತೀವಿ.

ಉಡುಪಿಯಿಂದ ಬಂದ ಮ್ಯಾಲ ನಾನು ಪದ್ಧತಿ ಬದಲು ಮಾಡಿದೆ. ಆಗಸ್ಟ್‌ದಾಗ 1000 ಬೆರಳುದ್ದದ ಮರಿ ಬಿಟ್ಟೆ. ಎಕರೆಕ್ಕ 2000 ಮೀರಬಾರದು. ಕಾಟ್ಲಾ ಮ್ಯಾಲಿನ ನೀರಾಗ ತಿಂತೈತಿ, ರೋಹು ನಡುವ, ಮೃಗಾಲ ತಳದಾಗ. ನಮ್ಮ ಪ್ಲಾಸ್ಟಿಕ್ ಹಾಸಿದ ಹೊಂಡದಾಗ ಕೆಸರು ಇಲ್ಲದ್ದಕ್ಕ ಮೃಗಾಲ ಕಡಿಮಿ ಬಿಡ್ರಿ. ಫೆಬ್ರವರಿ ಬಂದ ಮ್ಯಾಲ ಪ್ರತಿ ರವಿವಾರ ಮುಂಜಾನೆ ದೊಡ್ಡವನ್ನ ಅಷ್ಟ ಆರಿಸಿ 28-30 ಕಿಲೋ ಹಿಡಿಸಿ, ಒಡ್ಡಿನ ಮ್ಯಾಲೇ ಜೀವಂತ ಮೀನ ತೂಗಿ 150ಕ್ಕ ಕೊಟ್ಟೆ. ಮೇ ಮುಗಿಯೂದ್ರಾಗ 16 ವಾರಕ್ಕ 450 ಕಿಲೋ ಆತು. ಕಿಲೋಕ್ಕ 60 ಹೆಚ್ಚಂದ್ರ 27 ಸಾವಿರ ಹೆಚ್ಚು. ಅದರಾಗ ಬಲಿ ಹಾಕಾಕ ಬರೂ ಹೊಳಿ ದಂಡಿ ಅಂಬಿಗರ ಮನಿಯವರಿಗೆ ಐದರಾಗ ಒಂದು ಪಾಲು ಮೀನದ ರೊಕ್ಕ ಕೊಟ್ಟೀನಿ, ಅವರಿಲ್ಲದ ಈ ಕೆಲಸ ಆಗಾಂಗಿಲ್ಲ. ಆ ಪಾಲು ಕೊಟ್ಟ ಮ್ಯಾಲೂ ಹೊಂಡದ ನೀರು ದ್ರಾಕ್ಷಿಗೆ ಹೋದಂಗ ಮೀನಾನೂ ಕಡಿಮಿ ಆಗತಾವ, ಮೇ ತಿಂಗಳ ಅಂಜಿಕಿ ಇಲ್ಲ. ಅದು ದೊಡ್ಡ ಲಾಭ.

ಈಗ ತಪ್ಪಿನ ಮಾತು. ಮೊದಲನೇ ವರ್ಷ ನನ್ನ ಮೀನ ಪೂರ್ತಿ ಸತ್ತು ತೇಲಿದ್ದವು. ಕಾರಣ ನಾನೇ. ಬೋರ್ಡೋ ದ್ರಾವಣ ಹೊಡೆದು ಟ್ಯಾಂಕ್ ಒಡ್ಡಿನ ಮ್ಯಾಲ ತೊಳೆದಿದ್ದೆ, ನೀರು ಹೊಂಡಕ್ಕ ಇಳೀತು. ಮೈಲುತುತ್ತ ಮೀನಕ್ಕ ವಿಷ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಅಂತ ಹೊಡೀತೀವಲ್ಲ, ಅವು ಇನ್ನೂ ಕೆಟ್ಟ. ಗಾಳಿ ಹೊಂಡದ ಕಡೆ ಇದ್ದಾಗ ಸ್ಪ್ರೇ ಹೊಡೀಬ್ಯಾಡ್ರಿ, ಟ್ಯಾಂಕ್ ದೂರ ತೊಳೀರಿ. ಮೀನ ಸಾಕಿದ ಮ್ಯಾಲ ನಾನು ಔಷಧ ನೋಡಿ ಹೊಡಿಯಾಕ ಕಲ್ತೀನಿ ಅಂದ್ರೂ ಸುಳ್ಳಲ್ಲ. ಬ್ಯಾಸಿಗ್ಯಾಗ ನಸುಕಿನ್ಯಾಗ ಮೀನ ಮ್ಯಾಲ ಬಂದು ಬಾಯಿ ಬಿಡಾಕತ್ತಿದರ ಉಸಿರಿಗೆ ಗಾಳಿ ಕಡಿಮಿ ಆಗೈತಿ ಅಂತ ತಿಳೀರಿ, ತಕ್ಷಣ ಪಂಪ್ ಹಚ್ಚಿ ನೀರು ಮ್ಯಾಲಿಂದ ಬೀಳಸ್ರಿ. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಯಾರರೆ ಕೊಟ್ಟರ ಬ್ಯಾಡ ಅನ್ರಿ, ಅದನ್ನ ಸಾಕೂದು ನಿಷೇಧ. ಸಲಹಾ ಬೇಕಾದವರಿಗೆ ಭೂತನಾಳದಾಗ ಮೀನುಗಾರಿಕೆ ಸಂಶೋಧನಾ ಕೇಂದ್ರ ಐತಿ.

ಕೆಲವರು ಅಂತಾರ, ಹೊಂಡದ ಮೀನಕ್ಕ ಮಣ್ಣಿನ ವಾಸನಿ, ಮುಳ್ಳು ಹೆಚ್ಚು. ಹೌದು, ಮುಳ್ಳು ಐತಿ. ಅದಕ್ಕ ಕಿಲೋ ಮ್ಯಾಲಿನ ಕಾಟ್ಲಾ ತಗೋರಿ, ಮುಳ್ಳು ಕೈಗೆ ಸಿಗತಾವ. ವಾಸನಿಗೆ, ಹಿಡಿಯೂ ಮುಂಚೆ ಒಂದು ದಿನ ಮೇವು ಬಂದ್ ಮಾಡಿ ಸ್ವಚ್ಛ ನೀರಾಗ ಇಡ್ರಿ. ಮನ್ಯಾಗ ಉಪ್ಪು, ಅರಿಷಿಣ, ಹುಣಸಿ ಹಚ್ಚಿ ತೊಳೀರಿ. ಕೆಂಪ ಖಾರದ ಸಾರು, ಬಿಸಿ ಜೋಳದ ರೊಟ್ಟಿ ಇದ್ದರ ಬೀಗರು ಅಂಜಲ್ ಕೇಳಾಂಗಿಲ್ಲ.

ಇನ್ನೊಂದು ಮಾತು, ತಿನ್ನದವರ ಮನಸ್ಸಿಗೆ ಬ್ಯಾಸರ ಆಗೂದು ಬ್ಯಾಡ. ಮಾರಾಟ ಹೊಲದಾಗೇ ಇರಲಿ, ಗುಡಿ-ಮಠದ ದಾರಿಯಾಗ ಬ್ಯಾಡ, ಹೊಲಸು ತಗ್ಗಿನಾಗ ಮುಚ್ಚಿ ತೆಂಗಿಗೆ ಗೊಬ್ಬರ ಮಾಡ್ರಿ. ಊರ ಕೆರಿ ಮೀನ ಗುತ್ತಿಗಿ ಹಿಡಿದವರ ಹಕ್ಕು, ಅವರ ಕಡೆ ರೊಕ್ಕ ಕೊಟ್ಟು ತಗೋರಿ, ರಾತ್ರಿ ಬಲಿ ಬ್ಯಾಡ.

ಎಲ್ಲಾರೂ ರವಿವಾರಾನೇ ಮಾರಿದರ ದರ ಬೀಳತೈತಿ, ಮತ್ತ ಅದೇ ವ್ಯಾಪಾರಿ ಕೈಗೆ ಸಿಗತೀವಿ. ಅದಕ್ಕ ತಿಕೋಟಾ, ಹೊನವಾಡ, ಬಿಜ್ಜರಗಿ, ಬಬಲೇಶ್ವರ, ಮಮದಾಪುರದ ಹೊಂಡದವರು ಕುಂತು ಒಂದೊಂದು ಊರಿಗೆ ಒಂದೊಂದು ದಿನ ಅಂತ ಹಂಚಕೊಳ್ಳೂಣು. ಮರಿ ಬಿಡೂ ಹೊತ್ತು ಬಂದೈತಿ, ಮಾತು ಈಗೇ ಆಗಬೇಕು, ಮೇ ತಿಂಗಳದಾಗ ಅಲ್ಲ.

ಫೆಬ್ರವರಿ ಮೊದಲನೇ ರವಿವಾರ ಮುಂಜಾನೆ 7ಕ್ಕ ನನ್ನ ಹೊಂಡದಾಗ ಬಲಿ ಬೀಳತೈತಿ. ಚೀಲ ಬ್ಯಾಡ, ನೀರು ಹಾಕಿದ ಕೊಡಪಾನ ತಗೊಂಡು ಬರ್ರಿ. ಕಿವಿರು ನಾನೇ ಎತ್ತಿ ತೋರಸ್ತೀನಿ.